ಠಾಣೆಯೊಳಗೆ ಮುಗಿಯಬೇಕು

ನನ್ನ ಬ್ಲಾಗಿಗೆ ಖಾಯಂ ಓದುಗರೆಂದು ಇದ್ದವರು ಒಬ್ಬರೇ, ಮುಂಬೈಯ ಬೆಳಗಿನ ಲೋಕಲ್ ರೈಲಿನ ಲೇಡೀಸ್ ಡಬ್ಬಿಯ ಅಕ್ಕ. ಉಡುಪಿ ಕಡೆಯವರು. ಡೊಂಬಿವಲಿಯಲ್ಲಿ ಕಿಟಕಿ ಸೀಟು ಹಿಡಿದು, ಕನ್ನಡಕ ಏರಿಸಿ, ಎದುರು ನಿಂತ ನನ್ನತ್ತ ಕೈಚಾಚುತ್ತಿದ್ದರು: "ಎಲ್ಲಿ, ಕೊಡು." ನನ್ನ ಮೊಬೈಲಿನಲ್ಲೇ ಓದುವುದು. ಠಾಣೆ ಸ್ಟೇಷನ್ ಬಂತೆಂದರೆ ಓದು ಬಂದ್. ಅಲ್ಲಿ ಕೂತವರು ಎದ್ದು, ನಿಂತವರಿಗೆ ಸೀಟು ಬಿಟ್ಟುಕೊಡುವುದು ನಮ್ಮ ಡಬ್ಬಿಯ ರೂಢಿ.

"ಠಾಣೆಯೊಳಗೆ ಮುಗೀಬೇಕು ಮಾರಾಯ್ತಿ. ನಿಂತು ಓದ್ಲಿಕ್ಕೆ ನನ್ನಿಂದ ಆಗುದಿಲ್ಲ."

ಬ್ಲಾಗ್ ಬರಹ ಎಷ್ಟುದ್ದ ಇರಬೇಕೆಂದು ನೆಟ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನನಗೆ ಅಕ್ಕನ ಅಳತೆಯೇ ಸಾಕಾಗಿತ್ತು. ಒಂದು ಸಾಲು ಹೆಚ್ಚಾದರೂ ಕತ್ತರಿ ಹಾಕುತ್ತಿದ್ದೆ.

ಅಮ್ಮ ತೀರಿಕೊಂಡ ಮೇಲೆ ಅವಳ ಬಗ್ಗೆ ಬರೆಯಲು ಕೂತರೆ ಅದು ಬೆಳೆಯುತ್ತಲೇ ಹೋಯಿತು. ಅದನ್ನೂ ಠಾಣೆಗೆ ಸರಿಯಾಗಿ ಕತ್ತರಿಸಿ ಅಕ್ಕನ ಕೈಗಿಟ್ಟೆ. ಓದಿ ಮುಗಿದ ಮೇಲೂ ಅವರ ಹೆಬ್ಬೆರಳು ಪರದೆಯನ್ನು ಮೇಲೆ ತಳ್ಳುತ್ತಲೇ ಇತ್ತು. ಅಷ್ಟರಲ್ಲಿ ಠಾಣೆ ಬಂತು. ಅಕ್ಕ ಎದ್ದು, ನನ್ನನ್ನು ಕೂರಿಸಿ, ಮೊಬೈಲ್ ವಾಪಸ್ ಕೊಟ್ಟರು.

"ಅಮ್ಮನ ಬಗ್ಗೆ ಇಷ್ಟೇಯಾ? ನಾನು ನಿಂತಾದ್ರೂ ಓದ್ತಿದ್ದೆನಲ್ಲ ಮಾರಾಯ್ತಿ."