ಗಾಜಿನ ಮೇಲಿನ ವಿಭೂತಿ

ನಾರಾಯಣಖೇಡದ ಪ್ರೇಮಲಾ ಹಗಲು ಕುಪ್ಪಸ ಹೊಲಿಯುತ್ತಾರೆ. ಚಂದ್ರನಿಲ್ಲದ ಹೊತ್ತಿನಲ್ಲಿ ಮಾಳಿಗೆಯ ಮೇಲಿನಿಂದ ಗ್ಯಾಲಕ್ಸಿಗಳ ಚಿತ್ರ ತೆಗೆಯುತ್ತಾರೆ. ಓದಿದ್ದು ಏಳನೆಯ ತರಗತಿ. ಹಳೆಯ ಕ್ಯಾಮೆರಾ ಅವರದು, ದೂರದರ್ಶಕ ಅವರದಲ್ಲ. ಅದನ್ನು ಎರಡು ವರ್ಷದ ಹಿಂದೆ ಜಹೀರಾಬಾದಿನ ನಿವೃತ್ತ ವಿಜ್ಞಾನ ಶಿಕ್ಷಕ ರಾಜರತ್ನ ಬಳಸಲು ಕೊಟ್ಟಿದ್ದರು. ಆಗ ಹೇಳಿದ್ದು ಒಂದೇ ಮಾತು: "ಗಾಜಿಗಿ ಬೆರಳ್ ಹಚ್ಚಬ್ಯಾಡ್ರಿ, ತಂಗಿ."

ಈಗ ರಾಜರತ್ನ ಅದನ್ನು ತಾಂಡೂರಿನ ಒಂದು ಶಾಲೆಗೆ ಕೊಡುವುದಾಗಿ ಒಪ್ಪಿದ್ದರು. ದಸರೆಯ ದಿನ ಬನ್ನಿ ಕೊಡಲು ಬಂದಾಗ ಒಯ್ಯುತ್ತೇನೆ ಎಂದು ಫೋನಿನಲ್ಲಿ ತಿಳಿಸಿದ್ದರು. ಹೀಗಾಗಿ ಪ್ರೇಮಲಾಗೆ ಉಳಿದದ್ದು ಮಹಾನವಮಿಯ ರಾತ್ರಿ ಮಾತ್ರ. ತ್ರಿಕೋನ ನಕ್ಷತ್ರಪುಂಜದ ಗ್ಯಾಲಕ್ಸಿಯ ಚಿತ್ರ ಅರ್ಧವಾಗಿತ್ತು. ಎರಡೆರಡು ನಿಮಿಷದ ನೂರಹತ್ತು ಫೋಟೊಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದಾಗ ನಡುಭಾಗ ಮೂಡಿತ್ತು, ಸುತ್ತಲಿನ ತೋಳುಗಳು ಇನ್ನೂ ಹೊಗೆಯಂತಿದ್ದವು. ಇನ್ನೂ ಅಷ್ಟೇ ಫೋಟೊ ಬೇಕಿತ್ತು.

ಮಹಾನವಮಿಯಂದು ಅವರ ಮನೆಯಲ್ಲಿ ದುಡಿಯುವ ಸಾಮಾನಿಗೆಲ್ಲ ಪೂಜೆ. ಸಂಜೆ ಪ್ರೇಮಲಾ ಗಿರಾಕಿಯೊಬ್ಬರಿಗೆ ಕುಪ್ಪಸ ಕೊಟ್ಟು ಬರುವಷ್ಟರಲ್ಲಿ ಅತ್ತೆ ಶಾಂತಾಬಾಯಿ ಹೊಲಿಗೆ ಯಂತ್ರ, ಕತ್ತರಿ, ಇಸ್ತ್ರಿಪೆಟ್ಟಿಗೆಗಳ ಪೂಜೆ ಮುಗಿಸಿ ದೂರದರ್ಶಕದ ಮುಚ್ಚಳವನ್ನೂ ತೆಗೆದಿದ್ದರು. ಮುಂದಿನ ಗಾಜಿನ ಮೇಲೆ ಮೂರು ಪಟ್ಟೆ ಒದ್ದೆ ವಿಭೂತಿ ಎಳೆದಿದ್ದರು, ಅದು ಒಣಗಿಯೂ ಆಗಿತ್ತು.

"ಅತ್ತಿ, ಏನ್ ಮಾಡೀರಿ ಇದು!"

"ಯಾಕ? ಮಷಿನ್‌ಗಿ ಹಚ್ಚೀನಿ, ಕತ್ರಿಗಿ ಹಚ್ಚೀನಿ. ರಾತ್ರಿಯೆಲ್ಲ ನಿನ್ನ ಸಂಗಟ ದುಡಿಯೋದು ಇದ. ಇದಕ್ಕ ಬರೀ ಹಣಿ ಬಿಡ್ಲೇನು?"

"ಅದು ಹಣಿ ಅಲ್ರೀ, ಕಣ್ಣು!"

ಶಾಂತಾಬಾಯಿ ಗಾಬರಿಯಾಗಿ ಒರೆಸಲು ಸೆರಗು ಹಿಡಿದರು. ಪ್ರೇಮಲಾ ಅವರ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟರು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಅತ್ತೆಯ ಕೈಯನ್ನು ಹೀಗೆ ಹಿಡಿದಿರಲಿಲ್ಲ. ಬೂದಿಯಲ್ಲಿ ಕಣ್ಣಿಗೆ ಕಾಣದ ಹರಳಿರುತ್ತದೆ. ಬಟ್ಟೆಯಿಂದ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ.

ಮೊದಲು ಹಿಸುಕಿದರೆ ಗಾಳಿ ಬಿಡುವ ರಬ್ಬರ್ ಉಂಡೆಯಿಂದ ಊದಿದರು. ಆಮೇಲೆ ಇನ್ವರ್ಟರಿಗೆ ಹಾಕುವ ಬಟ್ಟಿ ಇಳಿಸಿದ ನೀರಿನಲ್ಲಿ ಹತ್ತಿ ಅದ್ದಿ, ಪಟ್ಟೆಗೆ ತಾಗಿಸಿ, ಎತ್ತಿ, ಎಸೆದರು. ಒಂದು ಹತ್ತಿ ಒಂದೇ ಸಲ. ಎರಡು ಪಟ್ಟೆ ಹೋಗುವಷ್ಟರಲ್ಲಿ ನಡುರಾತ್ರಿ ದಾಟಿತ್ತು. ಗಾಜಿನ ನಟ್ಟನಡುವೆ ಇದ್ದ ಮೂರನೆಯದಕ್ಕೆ ಹತ್ತಿ ತಾಗಿಸಿದಾಗ ಬೂದಿಯೊಳಗಿನ ಒಂದು ಹರಳು ಸರಿಯಿತು. ಅದರ ಹಿಂದೆ ಕೂದಲೆಳೆಯಂಥ ಗೆರೆ ಕಂಡಿತು. ಪ್ರೇಮಲಾ ಕೈ ತೆಗೆದರು.

ಚಂದ್ರ ಮುಳುಗಿದ್ದ. "ಮ್ಯಾಲ ಛಲೋ ಸ್ವಚ್ಛ ಅದ. ಹಿಂಗೇ ಫೋಟೊ ತಗೀಲಾಕ ಬರಲ್ಲೇನು?" ಎಂದರು ಶಾಂತಾಬಾಯಿ.

"ಮಂಜ್ ಕವಿದಂಗ ಬರ್ತದ್ರಿ."

"ನಾನ ಮಾಡೀನಿ, ಮಾಸ್ತರಿಗಿ ನಾನ ಹೇಳ್ತೀನಿ."

"ಅವ್ರು ಒಪ್ಪಿಸಿದ್ದು ನನ್ನ ಕೈಯಾಗ. ನಾನ ಹೇಳ್ಬೇಕು."

ಬೆಳಗಾಗುವವರೆಗೆ ಇಬ್ಬರೂ ಮಲಗಲಿಲ್ಲ.

ಹನ್ನೊಂದಕ್ಕೆ ರಾಜರತ್ನ ಬಂದರು. ಅವರು ಬನ್ನಿ ಕೊಡುವ ಮೊದಲೇ ಪ್ರೇಮಲಾ ದೂರದರ್ಶಕ ಮುಂದಿಟ್ಟು ಎಲ್ಲವನ್ನೂ ಹೇಳಿದರು. ಅವರು ಟಾರ್ಚ್ ಹಿಡಿದು ಬಗ್ಗಿ ನೋಡಿದರು.

"ಬೈಯೋದಿದ್ರ ನನಗ ಬೈರಿ, ಮಾಸ್ತರ. ಆಕಿದು ತಪ್ಪಿಲ್ಲ," ಎಂದರು ಶಾಂತಾಬಾಯಿ.

ರಾಜರತ್ನ ಒದ್ದೆ ಹತ್ತಿ ತೆಗೆದುಕೊಂಡು ಗಾಜಿನತ್ತ ಕೈ ಚಾಚಿದರು. ಬೆರಳುಗಳು ನಡುಗಿದವು. ಹತ್ತಿಯನ್ನು ತಟ್ಟೆಯಲ್ಲಿಟ್ಟರು. "ಎರಡ್ ವರ್ಷದಿಂದ ಹಿಂಗ ಆಗ್ಯಾದ. ಅದಕ್ಕೇ ನಿಮಗ ಕೊಟ್ಟಿದ್ದು. ನೀವೇ ತೆಗೀರಿ."

"ಇನ್ನೊಂದು ಗೀರು ಬಿದ್ರ, ಸರ್?"

"ನಿಮ್ಮ ಕೈಲಿ ಒಂದು ಬೀಳ್ತದ. ನನ್ನ ಕೈಲಿ ನಾಕು ಬೀಳ್ತಾವ. ತೆಗೀರಿ."

ಪ್ರೇಮಲಾ ಹರಳಿನ ಮೇಲೆ ಒಂದು ಹನಿ ಬಿಟ್ಟು ಕಾದರು. ಹತ್ತಿಯ ತುದಿಯನ್ನು ಸೂಜಿಗೆ ಪೋಣಿಸುವ ದಾರದಂತೆ ಹೊಸೆದು, ಉಸಿರು ಹಿಡಿದು, ಹನಿಗೆ ತಾಗಿಸಿ ನೇರ ಮೇಲೆತ್ತಿದರು. ಹರಳು ಹತ್ತಿಯ ಜೊತೆಗೆ ಬಂದಿತು. ಉಳಿದ ಬೂದಿ ತೆಗೆಯಲು ಮುಕ್ಕಾಲು ತಾಸು ಹಿಡಿಯಿತು.

"ರಾತ್ರಿ ಬಿದ್ದ ಗೀರು ಹಂಗೇ ಅದ, ಸರ್."

ರಾಜರತ್ನ ಗಾಜನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿದರು. "ಅದ. ಫೋಟೊದಾಗ ಕಾಣಂಗಿಲ್ಲ. ಶಾಲೆಯವ್ರಿಗಿ ಮಾತ್ರ ಹೇಳೇ ಕೊಡ್ತೀನಿ." ಮುಚ್ಚಳ ಹಾಕಿದರು, ಆದರೆ ಚೀಲಕ್ಕೆ ಇಳಿಸಲಿಲ್ಲ. "ಇವತ್ತ ಚಂದ್ರ ಎಷ್ಟಕ್ಕ ಮುಳಗ್ತಾನ?"

"ಎರಡರ ಸುಮಾರಿಗಿ."

"ಮೂರು ತಾಸು ಸಿಗ್ತದ. ಶಾಲಿಗಿ ಹೆಂಗೂ ರಜಾ ಅದ. ನಾಳಿ ಒಯ್ತೀನಿ."

ಪ್ರೇಮಲಾ ಕ್ಯಾಮೆರಾದ ಬ್ಯಾಟರಿ ಚಾರ್ಜಿಗೆ ಹಾಕಲು ಎದ್ದರು.