ಬಾವಿಗೆ ಹಾಕಿದ ಹಗ್ಗ

ಕಲ್ಯಾಣದುರ್ಗದ ಆಚೆಯ ಬಂಡೆಯ ನೆತ್ತಿಯಲ್ಲಿ ನನ್ನ ಗಂಡ, ಇಬ್ಬರು ಸ್ನೇಹಿತರ ಜೊತೆ ನಿಂತಿದ್ದರು. ಬಂಡೆ ಹತ್ತುವುದು ಇವರ ಭಾನುವಾರದ ಹುಚ್ಚು. ಈಗ ಇಳಿಯಲು ನೈಲಾನ್ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದರು. ಕೆಳಗೆ ನನ್ನ ಪಕ್ಕದಲ್ಲಿ ಅತ್ತೆ ಚಿತ್ರಾನ್ನದ ಡಬ್ಬಿ ಹಿಡಿದು ಕೂತಿದ್ದರು.

“ಆ ಹಗ್ಗ ಗಟ್ಟಿ ಐತೆ ಕಣಮ್ಮ. ನೀನು ತವರಿಗೆ ಹೋಗಿದ್ದಾಗ ಒಂದು ತಿಂಗ್ಳು ಅದ್ರಲ್ಲೇ ನೀರು ಸೇದಿವ್ನಿ,” ಎಂದರು.

ಹಿಂದೂಪುರದ ನಮ್ಮ ಬಾವಿಗೆ ರಾಟೆಯಿಲ್ಲ. ಹಗ್ಗ ಕಲ್ಲಿನ ಅಂಚಿಗೇ ಉಜ್ಜುತ್ತದೆ.

“ರೀ” ಎಂದು ಕೂಗಿದೆ. ಕಾನ್ವೆಂಟಿನಲ್ಲಿ ಮೆತ್ತಗೆ ಮಾತಾಡಲು ಕಲಿತ ಗಂಟಲು ನನ್ನದು. ಮೂವರೂ ನಗುತ್ತಾ ಕೈ ಬೀಸಿದರು. ಇವರು ನಮ್ಮ ಕಡೆ ಬೆನ್ನು ಮಾಡಿ ಒಂದು ಕಾಲನ್ನು ಅಂಚಿನಿಂದ ಕೆಳಗಿಟ್ಟರು.

ಮದುವೆಯಾದಾಗಿನಿಂದ ಒಮ್ಮೆಯೂ ಬಾಯಲ್ಲಿ ಆಡದ ಅವರ ಹೆಸರನ್ನು ಗಂಟಲು ಹರಿಯುವಂತೆ ಕೂಗಿದೆ. ಕಾಲು ಥಟ್ಟನೆ ಮೇಲಕ್ಕೆ ಹೋಯಿತು.

“ಗಂಡನ ಹೆಸ್ರು ಹಿಡ್ದು ಕೂಗ್ಬುಟ್ಟಲ್ಲಮ್ಮ,” ಎಂದು ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಹಗ್ಗ ಬೇಡವೆಂದು ಎರಡೂ ಕೈ ಆಡಿಸಿದೆ. ಮೂವರೂ ಬಂಡೆಯ ಹಿಂಬದಿಯ ಕುರಿಗಾಹಿಗಳ ದಾರಿಯಲ್ಲಿ ನಡೆದು ಬಂದರು. ಅತ್ತೆ ಹಗ್ಗವನ್ನು ಉದ್ದಕ್ಕೂ ಸವರುತ್ತಾ ಹೋದರು. ನಡುವೆ ಒಂದು ಕಡೆ ಎಳೆಗಳು ಹರಿದು ಹತ್ತಿಯಂತೆ ಎದ್ದಿದ್ದವು. ಬೆರಳು ಅಲ್ಲೇ ನಿಂತಿತು.

ಆಮೇಲೆ ಅವರು ಡಬ್ಬಿ ತೆರೆದು, ಗಂಡಸರನ್ನು ಬಿಟ್ಟು, ಮೊದಲು ನನ್ನ ಎಲೆಗೆ ಬಡಿಸಿದರು.