ಕಣ್ಣೆದುರಿಗೇ ಕುಟ್ಟಿದ ಖಾರ

ಇದನ್ನು ಬರೆಯಬೇಕೆಂದು ಎಷ್ಟೋ ವಾರ ಕೂತಿದ್ದೇನೆ. ಪ್ರತಿ ಸಲವೂ ಈ ಅಂಕಣಕ್ಕೆ ಬೇರೇನನ್ನೋ ಬರೆದು ಕಳಿಸಿದ್ದೇನೆ. ಅಂಗಡಿಯ ಬೋರ್ಡಿನ ಮೇಲೆ ಫೋನ್ ನಂಬರ್ ದೊಡ್ಡದಾಗಿರಲಿ ಎಂದು ಬರೆದೆ. ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರ ಕಳಿಸಿ ಗಿರಾಕಿಯ ಜೀವ ತಿನ್ನಬೇಡಿ ಎಂದು ಬರೆದೆ. ಬ್ಯಾನರಿನಲ್ಲಿ ಸರಕಿಗಿಂತ ಮಾಲೀಕರ ಫೋಟೊ ದೊಡ್ಡದಾಗಬಾರದು ಎಂದೂ ಬರೆದೆ (ಅದಾದ ಮೇಲೆ ಶಹಾಬಾದಿನ ಇಬ್ಬರು ನನ್ನೊಡನೆ ಮಾತು ಬಿಟ್ಟಿದ್ದಾರೆ). ಎಲ್ಲ ಬರೆದೆ, ಇದೊಂದನ್ನು ಬಿಟ್ಟು.

ಕಳೆದ ವಾರ ಚಿತ್ತಾಪುರದಲ್ಲಿ ಒಬ್ಬರು ನನಗೆ ಅರ್ಧ ನಿಮಿಷದ ಒಂದು ರೀಲ್ ತೋರಿಸಿದರು. ಇನ್ನು ಮುಂದೂಡಲು ನೆವ ಉಳಿದಿಲ್ಲ.

ಅವರ ಹೆಸರು ಸಲೀಂ. ಬಸ್ ನಿಲ್ದಾಣದ ಹತ್ತಿರ ಹೊಸದಾಗಿ ಮೊಬೈಲ್ ರಿಪೇರಿ ಅಂಗಡಿ ಹಾಕಿದ್ದಾರೆ. ವಯಸ್ಸು ಮೂವತ್ತೈದರ ಆಸುಪಾಸು. ಕೈ ಚುರುಕು, ಮಾತು ಇನ್ನೂ ಚುರುಕು. ಈ ಅಂಕಣ ಓದುತ್ತಾರಂತೆ. ‘ನೀವು ಹೇಳಿದಂಗ ನಂಬರ್ ದೊಡ್ಡದು ಮಾಡ್ಸೀನಿ ಕಾಕಾ. ಈಗ ಗಿರಾಕಿಗಿಂತ ಸಾಲ ಕೊಡೋ ಕಂಪನಿಯವ್ರ ಫೋನೇ ಜಾಸ್ತಿ ಬರಾಕತ್ಯಾವ’ ಎಂದು ನನ್ನನ್ನೇ ಚುಚ್ಚಿ, ಚಹಾ ತರಿಸಿ, ರೀಲ್ ಹಚ್ಚಿದರು.

ರೀಲಿನಲ್ಲಿ ಸಲೀಂ ಕ್ಯಾಮೆರಾ ಕಡೆ ಬೆರಳು ಮಾಡಿ ಹೇಳುತ್ತಾರೆ: ‘ನಿಮ್ಮ ಫೋನು, ನಿಮ್ಮ ಕಣ್ಣೆದುರಿಗೇ ರಿಪೇರಿ. ಬಿಟ್ಟು ಹೋದ ಫೋನಿನೊಳಗೆ ಯಾರ ಪಾರ್ಟ್ ಕೂತಿದೆಯೋ, ಯಾರಿಗೆ ಗೊತ್ತು?’

ನಾನು ತಲೆ ಎತ್ತಿ ರಸ್ತೆಯ ಆಚೆ ನೋಡಿದೆ. ಅಲ್ಲಿ ಇನ್ನೊಂದು ರಿಪೇರಿ ಅಂಗಡಿ. ಹಳೆಯದು. ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿಕೊಂಡು ಒಬ್ಬ ಹಿರಿಯರು ಕೂತಿದ್ದರು. ಮುಂದೆ ಒಂದು ಟ್ರೇ, ಅದರ ತುಂಬ ಮಂದಿ ಬಿಟ್ಟು ಹೋದ ಫೋನುಗಳು. ಒಂದೊಂದಕ್ಕೂ ಒಂದೊಂದು ಹೆಸರಿನ ಚೀಟಿ.

‘ಕಡೀ ಮಾತು ತೆಗೀರಿ’ ಎಂದೆ.

‘ಯಾಕ್ರಿ ಕಾಕಾ? ನಾ ಯಾರ ಹೆಸರೂ ತಗೊಂಡಿಲ್ಲ. ಸುಳ್ಳೂ ಹೇಳಿಲ್ಲ.’

‘ಅದಕ್ಕ ತೆಗೀರಿ ಅಂದೆ.’

ಸಲೀಂ ನನ್ನನ್ನು ಒಂದು ಕ್ಷಣ ನೋಡಿದರು. ಮುದುಕನಿಗೆ ರೀಲು ತಿಳಿದಿಲ್ಲ ಎಂದುಕೊಂಡಿರಬೇಕು. ಆಯ್ತು, ವಿಚಾರ ಮಾಡ್ತೀನಿ ಎಂದರು. ಕಾರಣ ಬರೆದು ತಿಳಿಸುತ್ತೇನೆ ಎಂದು ಎದ್ದು ಬಂದೆ. ಬಾಯಿಂದ ಹೇಳಲು ಆಗಲಿಲ್ಲ. ಆ ಸಾಲು ನನ್ನದು. ಫೋನಿನ ಜಾಗದಲ್ಲಿ ಖಾರ ಇತ್ತು, ಅಷ್ಟೇ. ಅವರು ಅದನ್ನು ಕೇಳಿರಲು ಸಾಧ್ಯವಿಲ್ಲ. ತಾವೇ ಹೊಸದಾಗಿ ಹುಡುಕಿಕೊಂಡಿದ್ದಾರೆ. ಇಂಥ ಸಾಲುಗಳು ಹಾಗೆಯೇ, ಯಾರಿಗೆ ಬೇಕಾದರೂ ಸಿಗುತ್ತವೆ.

ನನ್ನ ಕಸುಬು ಹಳೆಯ ಓದುಗರಿಗೆ ಗೊತ್ತು. ಮೆಟ್ರಿಕ್ ಮುಗಿಸಿ ಬ್ರಷ್ ಹಿಡಿದೆ. ಸೇಡಂನಿಂದ ಚಿಂಚೋಳಿಯವರೆಗೆ, ಆಚೆ ವಾಡಿಯವರೆಗೆ ಗೋಡೆಗಳ ಮೇಲೆ ಅಂಗಡಿಗಳ ಹೆಸರು ಬರೆದೆ. ಆಮೇಲೆ ಆಟೋಕ್ಕೆ ಮೈಕ್ ಕಟ್ಟಿಕೊಂಡು ಓಣಿ ಓಣಿ ತಿರುಗಿದೆ. ಬಟ್ಟೆ ಅಂಗಡಿ, ಕಣ್ಣಿನ ಶಿಬಿರ, ಟ್ಯೂಷನ್ನು, ಎಲ್ಲಕ್ಕೂ ನನ್ನದೇ ದನಿ. ದನಿ ಚೆನ್ನಾಗಿತ್ತು. ಅದೇ ತೊಂದರೆ.

ಆ ದಿನಗಳಲ್ಲಿ ಸೇಡಂನ ನಮ್ಮ ಓಣಿಯ ಹಿಂದೆ ಒಬ್ಬ ಹೆಣ್ಣುಮಗಳು ಖಾರ ಕುಟ್ಟುತ್ತಿದ್ದಳು. ಗಂಡನಿಲ್ಲದ ಮನೆ, ಒಬ್ಬಳೇ ಮಗಳು. ಹಿಂದಿನ ಪಡಸಾಲೆಯಲ್ಲಿ ಎರಡು ಕಬ್ಬಿಣದ ಒನಕೆಯ ಒಂದು ಹಳೇ ಮಷಿನ್.

ಪ್ಯಾಕೆಟ್ ಕಾಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಮಸಾಲೆ ಖಾರವನ್ನು, ಅಂದರೆ ಮಸಾಲೆ ಬೆರೆಸಿದ ಮೆಣಸಿನ ಪುಡಿಯನ್ನು, ಬೇಸಿಗೆಯಲ್ಲಿ ಒಮ್ಮೆ ಕುಟ್ಟಿಸಿದರೆ ವರ್ಷಕ್ಕೆ ಸಾಕು. ಒಂದೊಂದು ಮನೆಯ ಅಳತೆ ಒಂದೊಂದು. ಒಬ್ಬರಿಗೆ ಕೊಬ್ಬರಿ ಹೆಚ್ಚು ಬೇಕು, ಒಬ್ಬರಿಗೆ ಜೀರಿಗೆ. ನಿಮ್ಮ ಚೀಲ ಇನ್ನೊಬ್ಬರ ಚೀಲಕ್ಕೆ ಅದಲುಬದಲಾದರೆ ಇಡೀ ವರ್ಷ ನಿಮ್ಮ ಮನೆಯಲ್ಲಿ ಬೇರೆಯವರ ಸಾರು. ಅದಕ್ಕೇ ಖಾರ ಕುಟ್ಟುವಲ್ಲಿ ಹೆಂಗಸರು ಕಣ್ಣೀರು ಸುರಿಸುತ್ತ, ಸೀನುತ್ತ, ಕಡೆಯ ಹಿಡಿ ಚೀಲಕ್ಕೆ ಬೀಳುವವರೆಗೂ ಅಲ್ಲೇ ಕೂತಿರುತ್ತಿದ್ದರು. ಅದು ಪದ್ಧತಿ.

ಆಕೆಯ ಮನೆಯಲ್ಲಿ ಮಾತ್ರ ಯಾರೂ ಕೂರುತ್ತಿರಲಿಲ್ಲ.

ಮೆಣಸಿನಕಾಯಿ ಚೀಲ ಇಟ್ಟು, ಮಸಾಲೆಯ ಗಂಟು ಇಟ್ಟು, ಬಂದುಬಿಡುತ್ತಿದ್ದರು. ಪ್ರತಿ ಮನೆಯವರೂ ತಮ್ಮ ಹಳೇ ಸೀರೆಯ ಒಂದು ಚೂರು ಕೊಟ್ಟಿರುತ್ತಿದ್ದರು. ಅದನ್ನು ಆಕೆ ಚೀಲದ ಬಾಯಿಗೆ ಕಟ್ಟುತ್ತಿದ್ದಳು. ಓದು ಬರಹ ಬಾರದವಳಿಗೆ ಅದೇ ಲೇಬಲ್ಲು. ನಮ್ಮ ಮನೆಯದು ಹಸಿರು ಚೂರು. ಕಾಯಿ ಬಿಸಿಲಿಗೆ ಹಾಕಿ, ತೊಟ್ಟು ಮುರಿದು, ಮಸಾಲೆ ಹುರಿದು, ಮಷಿನ್ನು ಕಾಯದಂತೆ ನಿಧಾನವಾಗಿ ಕುಟ್ಟಿ ಮೂರನೇ ದಿನ ಕೊಡುತ್ತಿದ್ದಳು. ಮೂರು ದಿನ ಯಾರು ಕೂರುತ್ತಾರೆ? ಆಕೆಯ ಕಸುಬೆಲ್ಲ ನಿಂತಿದ್ದೇ ‘ಆಕೆಯ ಕಡೆ ಬಿಟ್ಟು ಬರಬಹುದು’ ಎಂಬ ಒಂದು ಮಾತಿನ ಮೇಲೆ.

ಒಂದು ಬೇಸಿಗೆಗೆ ಬಜಾರಿನಲ್ಲಿ ಹೊಸ ಗಿರಣಿ ಬಂತು. ಮಾಲೀಕರು ಒಳ್ಳೆಯ ಮನುಷ್ಯ, ನೇರ ಮಾತು. ನನ್ನನ್ನು ಕರೆದು, ನಮ್ದು ಫಾಸ್ಟ್ ಮಷಿನ್, ಅರ್ಧ ತಾಸಿನಾಗ ಕೆಲಸ ಆಗ್ತದ, ಅಷ್ಟ ಹೇಳ್ರಿ ಎಂದರು. ಅಷ್ಟೇ ಹೇಳಿದ್ದರೆ ಇವತ್ತು ಈ ಅಂಕಣ ಇರುತ್ತಿರಲಿಲ್ಲ.

ನನಗೆ ಅದು ಸಪ್ಪೆ ಅನ್ನಿಸಿತು. ಮೈಕಿನವನಿಗೆ ಸಪ್ಪೆ ಮಾತು ಹೇಳಲು ನಾಚಿಕೆ. ನಾನೇ ಕೂತು ಸಾಲು ಕಟ್ಟಿದೆ: ‘ತಾಯಂದಿರೇ, ನಿಮ್ಮ ಖಾರ, ನಿಮ್ಮ ಕಣ್ಣೆದುರಿಗೇ! ಬಿಟ್ಟು ಹೋದ ಖಾರ ಯಾರದೋ, ಮನೆಗೆ ಬಂದ ಖಾರ ಯಾರದೋ, ಯಾರಿಗೆ ಗೊತ್ತು?’

ಇದರಲ್ಲಿ ಸುಳ್ಳೆಲ್ಲಿದೆ? ಹೆಸರೆಲ್ಲಿದೆ? ಆದರೆ ಇಡೀ ಸೇಡಂನಲ್ಲಿ ಖಾರ ಬಿಟ್ಟು ಹೋಗುವ ಜಾಗ ಒಂದೇ ಇತ್ತು. ಅದು ನನಗೆ ಗೊತ್ತಿತ್ತು. ನನ್ನ ಹೆಂಡತಿಯೇ ವರ್ಷಾನುಗಟ್ಟಲೆ ಅಲ್ಲಿ ಬಿಟ್ಟು ಬಂದವಳು.

ಇನ್ನೊಂದು ಹೇಳಿಬಿಡುತ್ತೇನೆ. ಆಕೆಯ ಓಣಿಯ ತಿರುವಿನಲ್ಲಿ ಆಟೋ ನಿಧಾನ ಮಾಡಿಸಿದವನೂ ನಾನೇ. ಖಾರದ ಗಿರಾಕಿಗಳು ಅಲ್ಲೇ ಸಿಗುತ್ತಾರಲ್ಲ! (ಗಿರಾಕಿ ಎಲ್ಲಿದ್ದಾರೋ ಅಲ್ಲಿಗೇ ಹೋಗಿ ಹೇಳಿ ಎಂದು ಇದೇ ಅಂಕಣದಲ್ಲಿ ನಿಮಗೆ ಮೂರು ಸಲ ಬುದ್ಧಿ ಹೇಳಿದ್ದೇನೆ.)

ಹದಿನೈದು ದಿನದಲ್ಲಿ ಆಕೆಯ ಪಡಸಾಲೆಯಲ್ಲಿ ಹೆಂಗಸರು ಕೂರತೊಡಗಿದರು. ಯಾರೂ ಬೈಯಲಿಲ್ಲ, ಯಾರೂ ಕೇಳಲಿಲ್ಲ. ‘ಸುಮ್ನ ಕುಂತೀನವ್ವಾ, ಮನ್ಯಾಗ ಏನ್ ಕೆಲಸ ಅದ’ ಎನ್ನುತ್ತ ಚೀಲದ ಮೇಲೇ ಕಣ್ಣಿಟ್ಟಿರುತ್ತಿದ್ದರಂತೆ. ಆಕೆಗೆ ಅರ್ಥವಾಯಿತು. ಎಲ್ಲಿಂದಲೋ ನೆಲಕ್ಕೆ ಹಾಸುವ ಒಂದು ಶಹಾಬಾದ್ ಪರ್ಸಿ ಕಲ್ಲು ತರಿಸಿ, ಎರಡು ಇಟ್ಟಿಗೆಯ ಮೇಲೆ ಇಡಿಸಿ, ಕೂರಲು ಜಾಗ ಮಾಡಿದಳು. ಆದರೆ ಮೂರು ದಿನದ ಕೆಲಸವನ್ನು ಕೂತು ನೋಡುವುದು ಹೇಗೆ? ಒಬ್ಬೊಬ್ಬರೇ ಎದ್ದು ಬಜಾರಿನ ದಾರಿ ಹಿಡಿದರು. ಕಲ್ಲು ಉಳಿಯಿತು.

ಒಂದು ಬೆಳಿಗ್ಗೆ ಆಕೆ ನಮ್ಮ ಮನೆಗೆ ಬಂದಳು. ಒಳಗೆ ಬರ್ರಿ ಎಂದರೂ ಬರಲಿಲ್ಲ. ಬಾಗಿಲ ಚೌಕಟ್ಟು ಹಿಡಿದೇ ಮಾತಾಡಿದಳು.

‘ಅಣ್ಣಾ, ನಿಮ್ಮ ಮೈಕಿನ್ಯಾಗ ನನ್ನ ಸಲುವಾಗಿ ಒಂದ್ ಮಾತು ಹೇಳ್ರಿ. ನನ್ನ ಹೆಸರು ಹೇಳಿ, ಈಕಿ ಕಡಿ ಇಲ್ಲೀ ತನಕ ಯಾರ ಖಾರಾನೂ ಅದಲಾಬದಲಿ ಆಗಿಲ್ಲ ಅಂತ. ಅಷ್ಟ ಸಾಕು.’

ಬೈಯಲು ಬಂದಿದ್ದರೆ ನಾನು ಬದುಕುತ್ತಿದ್ದೆ. ಜವಾಬು ಕೊಡುತ್ತಿದ್ದೆ. ಆಕೆ ಬೈಯಲಿಲ್ಲ. ಕೆಲಸ ಬಲ್ಲವನ ಬಳಿ ಬರುವಂತೆ ಬಂದಿದ್ದಳು.

ನಾನು ಏನೆಂದೆ ಗೊತ್ತೆ? ‘ತಂಗಿ, ಹಂಗ ಹೇಳಿದ್ರ ಸಂಶಯ ಇನ್ನಾ ಜಾಸ್ತಿ ಆಗ್ತದ. ಕೇಳದವ್ರೂ ಕೇಳ್ತಾರ. ಸುಮ್ನಿರು, ತಾನ ಮರೀತಾರ.’

ಇದು ಸರಿಯಾದ ಸಲಹೆ. ಇವತ್ತು ಯಾವ ಅಂಗಡಿಯವರು ಕೇಳಿದರೂ ಇದನ್ನೇ ಹೇಳುತ್ತೇನೆ. ‘ನಾವು ಕಲಬೆರಕೆ ಮಾಡುವುದಿಲ್ಲ’ ಎಂದು ಬೋರ್ಡು ಹಾಕಿದ ಹೋಟೆಲಿಗೆ ನೀವು ಹೋಗುತ್ತೀರಾ? ಆದರೆ ಅಂದು ಆ ಸಲಹೆಯ ಹಿಂದೆ ನಾನು ಅಡಗಿಕೊಂಡಿದ್ದೆ. ಆಕೆ ನಂಬಿದಳು. ಹೌದೇನ್ರಿ ಅಣ್ಣಾ, ಆಗ್ಲಿ ಎಂದು ಹೋದಳು. ಎಲ್ಲರೂ ಆಕೆಯ ಮೇಲಿನ ನಂಬಿಕೆ ಕಳೆದುಕೊಂಡ ಆ ಬೇಸಿಗೆಯಲ್ಲಿ ಆಕೆ ನಂಬಿದ್ದು ನನ್ನನ್ನು.

ಆ ವರ್ಷ ನಮ್ಮ ಮನೆಯ ಮೆಣಸಿನಕಾಯಿಯೂ ಹೊಸ ಗಿರಣಿಗೇ ಹೋಯಿತು. ಮೈಕಿನವನ ಹೆಂಡತಿಯೇ ಬೇರೆ ಕಡೆ ಹೋದರೆ ಮಂದಿ ಏನಂದಾರು ಎಂದು ನಾನೇ ಕಳಿಸಿದೆ. ನನ್ನ ಹೆಂಡತಿ ಹೋದಳು, ಕೂತಳು, ಅರ್ಧ ತಾಸಿನಲ್ಲಿ ಬಂದಳು. ಚೀಲ ನನ್ನ ಮುಂದೆ ಇಟ್ಟು, ‘ಕಣ್ಣ ಮುಂದೇ ಕುಟ್ಟ್ಯಾರ್ರಿ. ಆದ್ರ ನಮ್ಮ ಖಾರ ಅಲ್ಲ ಇದು’ ಎಂದಳು. ಫಾಸ್ಟ್ ಮಷಿನ್ನಿನಲ್ಲಿ ಖಾರ ಕಾಯ್ದು ವಾಸನೆ ಹೋಗಿತ್ತು. ಇಡೀ ವರ್ಷ ಉಂಡೆವು.

ಮುಂದಿನ ಬೇಸಿಗೆಗೆ ಆಕೆ ಇರಲಿಲ್ಲ. ಮಷಿನ್ ಮಾರಿ, ಮನೆಗೆ ಬೀಗ ಹಾಕಿ, ಸುಲೇಪೇಟಕ್ಕೆ ತಂಗಿಯ ಮನೆಗೆ ಹೋದಳೆಂದು ಕೇಳಿದೆ. ಪರ್ಸಿ ಕಲ್ಲು ಮಾತ್ರ ಬಹಳ ದಿನ ಅಲ್ಲೇ ಇತ್ತು. ನಾನು ಆ ಓಣಿ ಬಿಟ್ಟು ಸುತ್ತು ಹಾಕಿ ಓಡಾಡತೊಡಗಿದೆ.

ವರ್ಷಗಳು ಹೋದವು. ಫ್ಲೆಕ್ಸ್ ಬಂದು ನನ್ನ ಬ್ರಷ್ ತಿಂದಿತು, ಪೆನ್‌ಡ್ರೈವ್ ಬಂದು ದನಿ ತಿಂದಿತು. ಹೊಸ ಗಿರಣಿಯೂ ಪ್ಯಾಕೆಟ್ ಖಾರದ ಮುಂದೆ ನಿಲ್ಲಲಿಲ್ಲ. ನಾನು ನಿಮಗೆಲ್ಲ ಸಲಹೆ ಕೊಡುವ ಅಂಕಣಕಾರನಾದೆ.

ಹೋದ ವರ್ಷ ಒಂದು ಅಂಗಡಿಯ ಉದ್ಘಾಟನೆಗೆಂದು ಸೇಡಂನಲ್ಲಿ ಚಿಂಚೋಳಿ ಬಸ್ಸು ಹತ್ತಿದೆ. ನಿಲ್ಲಲೂ ಜಾಗವಿರಲಿಲ್ಲ. ಮುಂದಿನ ಸೀಟಿನಿಂದ ಒಬ್ಬ ಮುದುಕಿ ಸರಿದು, ಕುಂದ್ರಿ ಅಣ್ಣಾ ಎಂದಳು. ಕೂತೆ. ಆಮೇಲೆ ಮುಖ ನೋಡಿದೆ. ಆಕೆಯೇ.

ನನ್ನ ಹೆಂಡತಿಯ ಮಂಡಿನೋವು ಕೇಳಿದಳು. ಮಳೆಯ ಬಗ್ಗೆ, ರಸ್ತೆಯ ಬಗ್ಗೆ ಮಾತಾಡಿದಳು. ಮಗಳ ಮದುವೆಯಾಗಿದೆ, ತಾನು ತಂಗಿಯ ಮನೆಯಲ್ಲೇ ಇದ್ದೇನೆ, ಮಂದಿಯ ಹೊಲದಲ್ಲಿ ತೊಗರಿ ಕಟಾವಿಗೆ ಹೋಗುತ್ತೇನೆ ಎಂದಳು. ನಾನು ಎಲ್ಲಕ್ಕೂ ಹೂಂ ಎಂದೆ. ಸುಲೇಪೇಟ ಹತ್ತಿರ ಬಂದಾಗ ಚೀಲ ಎತ್ತಿಕೊಳ್ಳುತ್ತ ಕೇಳಿದಳು:

‘ನಿಮ್ಮ ಮನೀ ಖಾರಕ್ಕ ಲವಂಗ ಕಡಿಮಿ, ಬಳ್ಳೊಳ್ಳಿ ಭಾಳ. ಹಸರ ಚೂರು. ಈಗ ಯಾರ ಕಡಿ ಕುಟ್ಟಸ್ತೀರಿ ಅಣ್ಣಾ?’

ಅಷ್ಟು ವರ್ಷದ ಮೇಲೂ ಆಕೆಗೆ ಒಂದು ಮನೆಯ ಖಾರ ಇನ್ನೊಂದರ ಜೊತೆ ಕಲೆತಿರಲಿಲ್ಲ.

‘ಪ್ಯಾಕೆಟ್ ತರ್ತೀವಿ’ ಎಂದೆ. ಬಸ್ಸು ನಿಂತಿತು. ಆಕೆ ಇಳಿದಳು. ಕಂಡಕ್ಟರ್ ಸೀಟಿ ಊದಿದ. ಸೇಡಂನಿಂದ ಸುಲೇಪೇಟದವರೆಗೆ ಒಂದು ಮಾತು ಹೇಳಲು ಎಷ್ಟು ಹೊತ್ತು ಬೇಕು?

ಸಲೀಂ ಅವರೇ, ನಿಮ್ಮ ರೀಲಿಗೆ ಬರುತ್ತೇನೆ. ‘ಅರ್ಧ ತಾಸಿನಲ್ಲಿ ರಿಪೇರಿ, ಕೂತು ನೋಡಿ, ಒಯ್ಯಿರಿ’ ಎನ್ನಿ. ಅಲ್ಲಿಗೆ ನಿಲ್ಲಿಸಿ. ನೀವು ಮಾಡುವುದನ್ನು ನೀವು ಹೇಳಿ. ಆಚೆಯವರು ಏನು ಮಾಡುತ್ತಾರೆಂಬ ಪ್ರಶ್ನೆಯನ್ನು ಕೇಳುವವರ ಬಾಯಿಗೆ ಇಡಬೇಡಿ. ಜಾಹೀರಾತು ಮುಗಿಸಿದ ಮೇಲೆ ಒಮ್ಮೆ ನೋಡಿಕೊಳ್ಳಿ, ಕೇಳಿದವರ ಬೆರಳು ಯಾರ ಕಡೆ ಹೋಗುತ್ತದೆ ಎಂದು. ನಿಮ್ಮ ಅಂಗಡಿ ಬಿಟ್ಟು ರಸ್ತೆಯ ಆಚೆ ಹೋದರೆ ಆ ಸಾಲು ಹರಿದು ಹಾಕಿ. ಅದು ಎಷ್ಟೇ ಚೆನ್ನಾಗಿರಲಿ. ಚೆನ್ನಾಗಿದ್ದಷ್ಟೂ ಬೇಗ ಹರಿಯಿರಿ.

ಇನ್ನು, ಹೆಸರು ಕೆಟ್ಟವರಿಗೆ ಏನು ಮಾಡಬೇಕು? ಮೈಕು ಬೇಡ ಎಂದಿದ್ದೆನಲ್ಲ, ಅದು ಖರೆ. ಅಂದು ಬೇಕಾಗಿದ್ದದ್ದು ಬೇರೆ. ನಾನು ಬೆಳಿಗ್ಗೆ ಹತ್ತಕ್ಕೆ ಮೆಣಸಿನಕಾಯಿ ಚೀಲ ಹೆಗಲ ಮೇಲಿಟ್ಟು ಬಜಾರಿನ ನಡುವೆಯೇ ನಡೆದು ಹೋಗಿ, ಆಕೆಯ ಪಡಸಾಲೆಯಲ್ಲಿ ಬಿಟ್ಟು, ಬರಿಗೈಲಿ ವಾಪಸು ಬರಬೇಕಿತ್ತು. ಮೈಕಿನವನೇ ಬಿಟ್ಟು ಬಂದ ಎಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಮುನ್ನೂರು ಹೆಜ್ಜೆಯ ದಾರಿ. ನಡೆಯಲಿಲ್ಲ.

ಆಕೆ ನನ್ನಿಂದ ಕೇಳಿದ್ದು ಒಂದೇ ಸಾಲು. ನನ್ನ ಬಳಿ ಈಗ ಮೈಕಿಲ್ಲ, ಈ ಅಂಕಣದ ಮೂಲೆ ಇದೆ. ಆಕೆಗೆ ಓದಲು ಬರುವುದಿಲ್ಲ. ಸುಲೇಪೇಟದ ಓದುಗರು ಯಾರಾದರೂ ಇದನ್ನು ಓದಿ ಹೇಳಿದರೆ ಉಪಕಾರ. ಇಷ್ಟು ಹೊತ್ತೂ ‘ಆಕೆ, ಆಕೆ’ ಎಂದೇ ದಾಟಿಸಿದ್ದೇನೆ. ಹೆಸರು ಹೇಳದೆ ಮಾಡಿದ ತಪ್ಪಿಗೆ ಹೆಸರು ಹೇಳದೆ ಕ್ಷಮೆ ಕೇಳಿದರೆ ಅದು ಇನ್ನೊಂದು ಜಾಹೀರಾತಾದೀತು.

ಆಕೆಯ ಕಡೆ ಯಾರ ಖಾರವೂ ಎಂದೂ ಅದಲುಬದಲಾಗಲಿಲ್ಲ. ಆಕೆಯ ಹೆಸರು ಮಾಣಿಕಮ್ಮ.